ಹಿಂದಕ್ಕೆ ತಿರುಗಿಸಿದ ಮುಳ್ಳು

"ತಿರುಗೋ ಮಾರಾಯ, ಬೇಗ ತಿರುಗೋ!"

ಪಟಪಟಿ ನೆಲದ ಮೇಲೆ ಬೋರಲು ಮಲಗಿ, ತೂಕದ ಮಷಿನ್ನನ್ನು ಆಮೆಯ ಹಾಗೆ ಮಗುಚಿ ಹಾಕಿಕೊಂಡು, ಅದರ ಹೊಟ್ಟೆಯಲ್ಲಿದ್ದ ಪುಟ್ಟ ಚಕ್ರವನ್ನು ಹೇರ್‌ಪಿನ್ನಿನಿಂದ ತಿರುಗಿಸುತ್ತಿದ್ದಳು. ಬಚ್ಚಲಲ್ಲಿ ಅಮ್ಮ ಬಕೆಟ್ ಕೆಳಗಿಟ್ಟ ಸದ್ದಾಯಿತು. ಪಟಪಟಿಯ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ, ಪಕ್ಕದ ಮನೆಯ ಗೋಡೆಯಲ್ಲಿದ್ದ ಕ್ಯಾಲೆಂಡರ್ ಕಳಚಿ ಬಿತ್ತು. ನಂಬದವರು ಹೋಗಿ ನೋಡಬಹುದು, ಮೊಳೆ ಇನ್ನೂ ಸಡಿಲವಾಗಿಯೇ ಇದೆ.

"ಕಳ್ಳಿ!" ಎಂದಿತು ಮಂಚ.

ಮಂಚವಲ್ಲ, ಮಂಚದ ಮೇಲಿದ್ದ ಅಜ್ಜಿ. ಲಕ್ವ ಹೊಡೆದ ಮೇಲೆ ಅಜ್ಜಿಯ ಬಲಗೈ, ಬಲಗಾಲು ಕೆಲಸ ಬಿಟ್ಟಿದ್ದವು. ಮಾತೂ ಹಾಗೆಯೇ. ಒಂದು ಕಾಲಕ್ಕೆ ಇಡೀ ಬೀದಿಗೆ ಬುದ್ಧಿ ಹೇಳುತ್ತಿದ್ದ ಬಾಯಲ್ಲಿ ಈಗ ನಾಲ್ಕಾರು ಪದ ಉಳಿದಿದ್ದವು. ಅವುಗಳಲ್ಲಿ ಗಂಟೆ ಹೊಡೆದ ಹಾಗೆ ಸ್ಪಷ್ಟವಾಗಿದ್ದದ್ದು ಇದೊಂದೇ.

"ಶ್! ನಾನೇನೂ ಕದೀತಿಲ್ಲ ಅಜ್ಜಿ. ಸ್ವಲ್ಪ ಕಮ್ಮಿ ಮಾಡ್ತಿದೀನಿ ಅಷ್ಟೆ."

ಅಮ್ಮ ಬರುವಷ್ಟರಲ್ಲಿ ಮಷಿನ್ ನೆಟ್ಟಗಿತ್ತು, ಹೇರ್‌ಪಿನ್ ಕೂದಲಲ್ಲಿತ್ತು, ಪಟಪಟಿಯ ಮುಖ ಆಗ ತಾನೇ ಹುಟ್ಟಿದ ಕರುವಿನ ಮುಖದಂತಿತ್ತು.

ಅಮ್ಮ ತೂಕ ನೋಡಿಕೊಳ್ಳುವುದು ಕಣ್ಣು ಮುಚ್ಚಿಕೊಂಡು. ಹತ್ತುವಾಗ ಮುಳ್ಳು ಓಡುವುದನ್ನು ನೋಡಿದರೆ ಅವಳಿಗೆ ಹೆದರಿಕೆ. ಮುಳ್ಳು ನಿಂತ ಮೇಲೆ ಪಟಪಟಿ "ಹ್ಞೂಂ, ಈಗ ನೋಡು" ಅನ್ನಬೇಕು.

"ಹ್ಞೂಂ, ಈಗ ನೋಡು."

ಅಮ್ಮ ಒಂದು ಕಣ್ಣು ತೆರೆದಳು. ಆಮೇಲೆ ಇನ್ನೊಂದು. "ಅಯ್ಯೋ! ಮತ್ತೆ ಇಳಿದಿದೆ ಕಣೇ!"

ಅವಳು ಓಡಿಹೋಗಿ ಬಾಲ್ಕನಿಯಿಂದ ಬಗ್ಗಿ ಕೂಗಿದಳು. ಕೆಳಗಿನಿಂದ ಬಂದ ಸೀಟಿಯ ಸದ್ದಿಗೆ ಏಳು ಬೀದಿಯ ನಾಯಿಗಳು ಎದ್ದು ನಿಂತವು.

ಸೀಟಿ ಕಂಡಕ್ಟರ್ ಆಂಟಿಯದು. ಬಸ್ಸಿನಲ್ಲಿ ಊದಿ ಊದಿ ಅವರಿಗೆ ಮನೆಯಲ್ಲೂ ಸೀಟಿಯಿಲ್ಲದೆ ಮಾತೇ ಬರುತ್ತಿರಲಿಲ್ಲ. ಸಂಜೆ ಡ್ಯೂಟಿ ಮುಗಿಸಿ ಬಂದು, ಔಷಧಿ ಅಂಗಡಿಯ ಅಕ್ಕನನ್ನು ಕರೆದುಕೊಂಡು ಮೈದಾನದ ಸುತ್ತ ವಾಕಿಂಗ್ ಹೋಗುತ್ತಿದ್ದರು. ಅಮ್ಮನನ್ನು ಆ ಗುಂಪಿಗೆ ಎಳೆದವರೂ ಅವರೇ. ತೂಕದ ಮಷಿನ್ ಕೂಡ ಅವರದೇ, ಅಮ್ಮನಿಗೆಂದು ತಂದಿಟ್ಟದ್ದು.

ಅಮ್ಮನನ್ನು ಹಾಗೆ ಎಳೆದದ್ದಕ್ಕೆ ಕಾರಣವಿತ್ತು. ಅಮ್ಮ ಟೈಲರ್. ಹಗಲೆಲ್ಲ ಹೊಲಿಗೆ ಮಷಿನ್ನಿನ ಮುಂದೆ ಕೂರುವುದು, ನಡುನಡುವೆ ಎದ್ದು ಅಜ್ಜಿಯನ್ನು ಎತ್ತಿ ಕೂರಿಸುವುದು, ತೊಳೆಯುವುದು, ಉಣಿಸುವುದು. ತನಗೆಂದು ಬಡಿಸಿಕೊಂಡು ಕೂತದ್ದನ್ನು ಯಾರೂ ನೋಡಿರಲಿಲ್ಲ. ಅಜ್ಜಿ ಬಿಟ್ಟ ಗಂಜಿ, ಪಟಪಟಿ ಬಿಟ್ಟ ಊಟ, ಡಬ್ಬಿಯ ತಳದ ಬಿಸ್ಕತ್ತು, ಎಲ್ಲ ನಿಂತಲ್ಲೇ ಅವಳ ಹೊಟ್ಟೆಗೆ. ಅಪ್ಪ ದೂರದ ರೂಟಿನ ಲಾರಿ ಡ್ರೈವರ್. ಅವನು ಮನೆಗೆ ಬರುವುದು ಹುಣ್ಣಿಮೆಗೋ ಅಮಾವಾಸ್ಯೆಗೋ.

ಮಂಡಿ ಊದಿಕೊಂಡಿತೆಂದು ಅಮ್ಮ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಹೇಳಿದ್ದರು. "ಶುಗರ್ ಕೂಡ ಏರ್ತಾ ಇದೆ. ತೂಕ ಇಳಿಸಿ. ದಿನಾ ನಡೀರಿ. ಇಲ್ದಿದ್ರೆ ನೀವು ಅತ್ತೇನ ಎತ್ತೋದಿರ್ಲಿ, ನಿಮ್ಮನ್ನೇ ಯಾರಾದ್ರೂ ಎತ್ಬೇಕಾಗುತ್ತೆ."

"ಅರ್ಧ ಗಂಟೆ ಯಾರಾದ್ರೂ ಅಜ್ಜಿ ಹತ್ರ ಕೂತ್ರೆ ನಾನೂ ಹೋಗ್ಬಹುದಿತ್ತು" ಎಂದಿದ್ದಳು ಅಮ್ಮ.

"ಯಾರಾದ್ರೂ ಯಾಕೆ? ನಾನಿಲ್ವಾ!" ಎಂದು ಎದೆ ತಟ್ಟಿಕೊಂಡವಳು ಪಟಪಟಿ. "ಸ್ಕೂಲ್ ಬಿಟ್ಟ ತಕ್ಷಣ ರಾಕೆಟ್ ಥರ ಬರ್ತೀನಿ. ಪ್ರಾಮಿಸ್. ಗಾಡ್ ಪ್ರಾಮಿಸ್. ಡಬಲ್ ಗಾಡ್ ಪ್ರಾಮಿಸ್."

ರಾಕೆಟ್ ಮೊದಲ ಕೆಲವು ದಿನ ಸರಿಯಾಗಿಯೇ ಹಾರಿತು. ಆಮೇಲೆ ಗೇರ್ ಬಂದ.

ಗೇರ್ ಅಂದರೆ ಪಟಪಟಿಯ ಕ್ಲಾಸಿನ ಹುಡುಗ. ಅವನಿಗೊಂದು ಗೇರ್ ಸೈಕಲ್ ಬಂದದ್ದೇ ಅವನ ಹಳೆಯ ಹೆಸರು ಎಲ್ಲರಿಗೂ ಮರೆತುಹೋಯಿತು. ಆ ಸೈಕಲ್ ಏರಿ ಜೋರಾಗಿ ತುಳಿದರೆ ಗಾಳಿಯೇ ಹಿಂದೆ ಬಿದ್ದು ಏದುಸಿರು ಬಿಡುತ್ತಿತ್ತು. ಸ್ಕೂಲಿನ ಹಿಂದಿನ ಗಲ್ಲಿಯಲ್ಲಿ ಎಲ್ಲರಿಗೂ ಒಂದೊಂದು ರೌಂಡ್. ಕ್ಯೂ ಮಾತ್ರ ಹನುಮಂತನ ಬಾಲ.

"ಒಂದೇ ಒಂದು ರೌಂಡ್, ಹೋಗ್ಬಿಡ್ತೀನಿ" ಎಂದು ಪಟಪಟಿ ನಿಲ್ಲುತ್ತಿದ್ದಳು. ರೌಂಡ್ ಸಿಗುವಷ್ಟರಲ್ಲಿ ಬೀದಿದೀಪ ಹತ್ತಿರುತ್ತಿತ್ತು.

ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ಇರುತ್ತಿದ್ದಳು. ವಾಕಿಂಗ್ ಶೂಸ್ ಹಾಕಿ, ಲೇಸ್ ಕಟ್ಟಿ, ತಲೆ ಬಾಚಿಕೊಂಡು. ಕೆಳಗೆ ಆಂಟಿಯ ಸೀಟಿ ಊದಿ ಮುಗಿದು, ಗುಂಪು ಹೋಗಿಯೂ ಆಗಿರುತ್ತಿತ್ತು.

"ಸ್ಪೆಷಲ್ ಕ್ಲಾಸ್ ಅಮ್ಮಾ."

"ಹೌದಾ?" ಎಂದು ಅಮ್ಮ ಬಗ್ಗಿ ಲೇಸ್ ಬಿಚ್ಚುತ್ತಿದ್ದಳು. ಬೈಯುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದಕ್ಕೆ ಹತ್ತು ಉತ್ತರ ಪಟಪಟಿಯ ಜೇಬಿನಲ್ಲೇ ಇರುತ್ತಿದ್ದವು. ಬೈಯದ ಅಮ್ಮನಿಗೆ ಹೇಳುವ ಉತ್ತರ ಒಂದೂ ಇರಲಿಲ್ಲ.

ಹೀಗೆ ವಾರ ಕಳೆದು ಭಾನುವಾರ ಬಂದಾಗ ಅಮ್ಮ ಮಷಿನ್ ಹತ್ತಿದಳು. ಮುಳ್ಳು ಹೋದ ವಾರಕ್ಕಿಂತ ಮುಂದೆ ಹೋಗಿ ನಿಂತಿತು. ಅಮ್ಮ ಕೆಳಗಿಳಿದು, ತಿಂಡಿಯ ತಟ್ಟೆ ತೊಳೆಯಲು ಹೋದಳು. ಪಟಪಟಿ ಮಷಿನ್ನನ್ನು ಒತ್ತಿ ನೋಡಿದಳು, ಅಲುಗಾಡಿಸಿ ನೋಡಿದಳು, ಮಗುಚಿ ನೋಡಿದಳು. ಚಕ್ರ ಕಂಡಿತು. ತಿರುಗಿಸಿದರೆ ಮುಳ್ಳು ಹಿಂದಕ್ಕೆ ಹೋಗುತ್ತದೆ!

ಅಂದಿನಿಂದ ವಾರ ವಾರವೂ ಚೂರು ಚೂರು. ಅಮ್ಮ ವಾರ ವಾರವೂ ಬಾಲ್ಕನಿಗೆ ಓಡುತ್ತಿದ್ದಳು. ಆಂಟಿ ಸೀಟಿ ಊದುತ್ತಿದ್ದರು. "ವಾಕಿಂಗಿಗೆ ಬರದೇ ಇಳಿಸ್ತಿದೀರಲ್ರೀ ಟೈಲರಮ್ಮ! ನಾನು ಮೈದಾನ ಸವೆಸಿಬಿಟ್ಟೆ, ಬಸ್ ಸ್ಟ್ಯಾಂಡ್ ಮಷಿನ್ನಲ್ಲಿ ಒಂದು ಗ್ರಾಮೂ ಇಳಿದಿಲ್ಲ! ಏನ್ರೀ ಗುಟ್ಟು?"

"ಅತ್ತೇನ ಎತ್ತೋದೇ ಎಕ್ಸರ್ಸೈಜ್ ಅಕ್ಕಾ!" ಎಂದು ಅಮ್ಮ ನಗುತ್ತಿದ್ದಳು. ಈಗೀಗ ಸಂಜೆ ಶೂಸ್ ಹಾಕಿ ಬಾಗಿಲಲ್ಲಿ ನಿಲ್ಲುವುದನ್ನೂ ಬಿಟ್ಟಿದ್ದಳು.

ಪಟಪಟಿಗೆ ಹಾಯೆನಿಸಿತು. ಎಲ್ಲರಿಗೂ ಖುಷಿ. ಗೇರ್ ಸೈಕಲ್ಲೂ ಸಿಕ್ಕಿತು. ಇಂಥ ಉಪಾಯ ಬೃಹಸ್ಪತಿಗೂ ಹೊಳೆದಿರಲಾರದು ಅಂದುಕೊಂಡಳು.

ಡಾಕ್ಟರಮ್ಮ ಮತ್ತೆ ಬರಹೇಳಿದ ದಿನ ಹತ್ತಿರವಾದಾಗ ಅಮ್ಮ ಒಂದು ಹಸಿರು ಬಟ್ಟೆ ತೆಗೆದಳು. "ಆಸ್ಪತ್ರೆಗೆ ಹೊಸ ಟಾಪ್ ಹಾಕ್ಕೊಂಡು ಹೋಗ್ತೀನಿ. ಹಳೇ ಅಳತೆ ಬೇಡ. ಇಷ್ಟು ಇಳಿದಿದೀನಿ ಅಂದ್ರೆ ಎರಡು ಇಂಚು ಒಳಗೇ ಕತ್ತರಿಸ್ಬೇಕು."

ಊರಿನವರ ಸೊಂಟವನ್ನೆಲ್ಲ ಸುತ್ತಿ ಬಂದ ಟೇಪು ಅವಳ ಕೊರಳಲ್ಲೇ ಇತ್ತು. ತನ್ನ ಸೊಂಟಕ್ಕೆ ಅದನ್ನು ಅವಳು ಸುತ್ತಿಕೊಳ್ಳಲಿಲ್ಲ. ಮುಳ್ಳು ಹೇಳಿದ ಮೇಲೆ ಮುಗಿಯಿತಲ್ಲ! ಕತ್ತರಿ ಕರಕರನೆ ಹಸಿರಿನಲ್ಲಿ ನಡೆಯಿತು. ಪಟಪಟಿ ಕೆಳಗೆ ಬಿದ್ದ ಹಸಿರು ಚೂರುಗಳನ್ನು ಹೆಕ್ಕತೊಡಗಿದಳು.

ಆಸ್ಪತ್ರೆಗೆ ಹೋಗುವ ದಿನ ಅಪ್ಪ ಮನೆಯಲ್ಲಿದ್ದ. ಅಜ್ಜಿಯ ಪಕ್ಕ ಅವನು ಕೂತ. ಒಳಗಿನ ಕೋಣೆಯಲ್ಲಿ ಅಮ್ಮ ಟಾಪ್ ತೊಟ್ಟುಕೊಳ್ಳಲು ಹೋದಳು. ತೋಳು ನುಗ್ಗಿತು. ಎದೆಯ ಹತ್ತಿರ ನಿಂತಿತು. ಎಳೆದರೆ ಪರ್ರೆಂದು ಹೊಲಿಗೆ ಬಿಟ್ಟಿತು.

ಅಮ್ಮ ಕನ್ನಡಿಯ ಮುಂದೆ ನಿಂತಳು. ಎರಡೂ ಕೈಗಳನ್ನು ಮುಂದೆ ಚಾಚಿ, ತಿರುಗಿಸಿ ನೋಡಿಕೊಂಡಳು.

"ನನ್ನ ಕಟಿಂಗ್ ತಪ್ಪಿದೆ ಪುಟ್ಟೀ. ಇಷ್ಟು ವರ್ಷದಲ್ಲಿ ಒಂದ್ಸಲನೂ ತಪ್ಪಿರ್ಲಿಲ್ಲ. ಕೈಗೆ ಏನಾಯ್ತೋ."

ಇಲ್ಲಿ ಹತ್ತು ಪಟ್ಟು ಉಬ್ಬಿಸಿ ಹೇಳುವಂಥದ್ದು ಏನೂ ನಡೆಯಲಿಲ್ಲ. ಅಮ್ಮ ಹಳೆಯ ಬಟ್ಟೆ ಹಾಕಿಕೊಂಡಳು. ಪಟಪಟಿ ಅವಳ ಚೀಲ ಹಿಡಿದುಕೊಂಡಳು. ಅಷ್ಟೆ.

ಆಸ್ಪತ್ರೆಗೆ ಕಂಡಕ್ಟರ್ ಆಂಟಿಯೂ ಬಂದರು, ರಜೆ ಹಾಕಿ. "ಸಿಸ್ಟರ್, ದಾರಿ ಬಿಡಿ! ನಮ್ಮ ಬೀದಿ ಚಾಂಪಿಯನ್ ಬಂದಿದಾರೆ!" ಎಂದು ಬಾಗಿಲಲ್ಲೇ ಸಾರಿದರು. ಕಾಯುತ್ತ ಕೂತವರೆಲ್ಲ ತಿರುಗಿ ನೋಡಿದರು. ಅಮ್ಮ ನಾಚಿಕೊಂಡು ಮಷಿನ್ ಹತ್ತಿದಳು. ಇಲ್ಲಿಯದು ಗಾಜಿನದು, ಕೆಂಪು ಅಂಕಿ ಬೆಳಗುವಂಥದು. ಅದಕ್ಕೆ ಚಕ್ರವಿಲ್ಲ.

ಸಿಸ್ಟರ್ ಚೀಟಿ ನೋಡಿದರು, ಅಂಕಿ ನೋಡಿದರು. "ಏನಿಲ್ಲಮ್ಮ, ಇಳಿದಿಲ್ಲ. ಹೋದ ಸಲಕ್ಕಿಂತ ಜಾಸ್ತೀನೇ ಇದೆ."

"ಇಲ್ಲ ಸಿಸ್ಟರ್, ಇನ್ನೊಂದ್ಸಲ ನೋಡಿ. ಚಪ್ಪಲಿ ಬಿಡ್ತೀನಿ ಇರಿ."

ಚಪ್ಪಲಿ ಬಿಟ್ಟಳು. ಅಂಕಿ ಅಲುಗಲಿಲ್ಲ. ವಾಚ್ ಬಿಚ್ಚಿ ಪಟಪಟಿಯ ಕೈಗೆ ಕೊಟ್ಟಳು. ತಲೆಯ ಕ್ಲಿಪ್ ತೆಗೆದಳು. ಎದೆಯ ಮೇಲೆ ಯಾವಾಗಲೂ ಚುಚ್ಚಿಕೊಂಡಿರುತ್ತಿದ್ದ ಪಿನ್ನುಗಳನ್ನು ಒಂದೊಂದಾಗಿ ಕಿತ್ತು ಕೊಟ್ಟಳು. ಮರೆತು ಕೊರಳಲ್ಲೇ ಉಳಿದಿದ್ದ ಟೇಪನ್ನೂ ತೆಗೆದುಕೊಟ್ಟು, ಕೂದಲು ಬಿಚ್ಚಿಕೊಂಡು, ಬರಿಗಾಲಲ್ಲಿ ಮತ್ತೆ ಹತ್ತಿದಳು. ಈ ಸಲ ಕಣ್ಣು ಮುಚ್ಚಲಿಲ್ಲ.

ಹಿಂದೆ ಯಾರೋ ಕಿಸಕ್ಕೆಂದರು. ಕಂಡಕ್ಟರ್ ಆಂಟಿ ತಿರುಗಿ ಒಂದು ನೋಟ ಬಿಟ್ಟರು. ನಗು ಸತ್ತುಹೋಯಿತು.

"ಇಳೀರಮ್ಮ, ಹಿಂದೆ ಕ್ಯೂ ಇದೆ" ಎಂದರು ಸಿಸ್ಟರ್ ಮೆತ್ತಗೆ.

ಪಟಪಟಿಯ ಅಂಗೈಯಲ್ಲಿ ಪಿನ್ನುಗಳು ಚುಚ್ಚುತ್ತಿದ್ದವು. ಅವಳು ಮುಷ್ಟಿ ಸಡಿಲಿಸಲಿಲ್ಲ.

ಡಾಕ್ಟರಮ್ಮ ಶುಗರಿನ ಮಾತ್ರೆ ಹೆಚ್ಚಿಸಿದರು. "ಮಂಡಿ ಮೊದಲಿಗಿಂತ ಕೆಟ್ಟಿದೆ. ಮನೇಲಿ ಯಾರ ಸಪೋರ್ಟೂ ಇಲ್ವಾ?"

"ಇದೆ ಡಾಕ್ಟ್ರೇ" ಎಂದಳು ಅಮ್ಮ. "ಮಗಳಿದಾಳೆ."

ಮೂವರೂ ಮನೆಯ ಕಡೆ ಹೊರಟರು. ಬೀದಿಯ ತಿರುವಿನಲ್ಲಿ ಆಂಟಿ ಗೊಣಗಿದರು. "ನನ್ನ ಮಷಿನ್ನೇ ಕೆಟ್ಟಿದೆ, ದರಿದ್ರದ್ದು. ಗುಜರಿಗೆ ಹಾಕ್ತೀನಿ."

"ಮಷಿನ್ ಕೆಟ್ಟಿಲ್ಲ ಆಂಟಿ." ಪಟಪಟಿಯ ದನಿ ಸೊಳ್ಳೆಯದಕ್ಕಿಂತ ಸಣ್ಣಗಿತ್ತು. "ನಾನು ತಿರುಗಿಸಿದ್ದು. ಅದರ ಹೊಟ್ಟೇಲಿ ಚಕ್ರ ಇದೆ."

ಅಮ್ಮ ನಿಂತುಬಿಟ್ಟಳು.

"ಯಾಕೆ?"

"ನಿಂಗೆ ಖುಷಿಯಾಗ್ಲಿ ಅಂತ. ನಾನು... ನಾನು ಲೇಟಾಗಿ ಬರ್ತಿದ್ನಲ್ಲ. ಸ್ಪೆಷಲ್ ಕ್ಲಾಸ್ ಇರ್ಲಿಲ್ಲಮ್ಮಾ. ಗೇರ್ ಸೈಕಲ್..."

"ಗೊತ್ತು" ಎಂದಳು ಅಮ್ಮ. "ಕ್ಲಾಸ್ ಇಲ್ಲ ಅಂತ ಗೊತ್ತಿತ್ತು. ಮಕ್ಕಳು, ಆಡ್ಲಿ ಅಂದ್ಕೊಂಡೆ." ಪಟಪಟಿಯ ಕೈಯಿಂದ ಚೀಲ ತೆಗೆದುಕೊಂಡಳು. "ಆದ್ರೆ ಮುಳ್ಳನ್ನ ನಂಬಿ ಬಟ್ಟೆ ಕತ್ತರಿಸ್ದೆ ನೋಡು."

ಅಷ್ಟು ಹೇಳಿ ಕುಂಟುತ್ತ ಮುಂದೆ ನಡೆದಳು.

ಮರುದಿನ ಪಟಪಟಿ ನಿಜವಾಗಿಯೂ ರಾಕೆಟ್ಟಾದಳು. ಸ್ಕೂಲಿನ ಬೆಲ್ ಇನ್ನೂ ಮೊಳಗುತ್ತಿರುವಾಗಲೇ ಮನೆಯ ಮೆಟ್ಟಿಲಲ್ಲಿದ್ದಳು. ಅಮ್ಮ ಹೊಲಿಗೆ ಮಷಿನ್ನಿನಿಂದ ತಲೆಯೆತ್ತಲಿಲ್ಲ. "ಇವತ್ತು ಬೇಡ. ಯೂನಿಫಾರ್ಮ್ ಕೊಡೋದಿದೆ." ಅದರ ಮರುದಿನವೂ ಯೂನಿಫಾರ್ಮ್ ಕೊಡುವುದಿತ್ತು. ಕೆಳಗೆ ಸೀಟಿ ಊದಿತು, ನಿಂತಿತು.

ಆಮೇಲೊಂದು ಸಂಜೆ ಕಂಡಕ್ಟರ್ ಆಂಟಿ ಮೆಟ್ಟಿಲು ಹತ್ತಿ ಬಂದೇಬಿಟ್ಟರು. "ಟೈಲರಮ್ಮ, ನಾಚಿಕೆನಾ? ನನ್ನ ಬಸ್ಸಲ್ಲಿ ತೂಕ ನೋಡಿ ಯಾರನ್ನೂ ಇಳಿಸಲ್ಲ. ಔಷಧಿ ಅಂಗಡಿ ಅಕ್ಕ ಕೆಳಗೆ ಕಾಯ್ತಿದಾರೆ. ಮುಂದೆ ನಡೀರಿ, ಮುಂದೆ ನಡೀರಿ! ರೈಟ್!"

ಅಮ್ಮ ಅಜ್ಜಿಯನ್ನು ನೋಡಿದಳು. ಪಟಪಟಿಯನ್ನು ನೋಡಿದಳು. ನಿಧಾನವಾಗಿ ಶೂಸ್ ಹಾಕಿಕೊಂಡು ಹೋದಳು.

ಬಾಗಿಲು ಮುಚ್ಚಿದ ಮೇಲೆ ಮನೆ ಆಕಾಶದಷ್ಟು ದೊಡ್ಡದಾಯಿತು. ಅಜ್ಜಿ ನೀರೆಂದು ಸನ್ನೆ ಮಾಡಿದಳು. ಪಟಪಟಿ ಕುಡಿಸಿದಳು. ಅರ್ಧ ನೀರು ಕುತ್ತಿಗೆಯ ಮೇಲೆ ಇಳಿಯಿತು. ಒರೆಸಿದಳು. ಅಜ್ಜಿ ದಿಂಬಿನಿಂದ ಜಾರತೊಡಗಿದಳು. ಪಟಪಟಿ ಕಂಕುಳಿಗೆ ಕೈಹಾಕಿ ಎಳೆದಳು. ಗುಬ್ಬಚ್ಚಿಯಂತಿದ್ದ ಅಜ್ಜಿ ಬೆಟ್ಟವಾಗಿದ್ದಳು. ಮೊಣಕಾಲೂರಿ, ಬೆನ್ನು ಕೊಟ್ಟು, ಹಲ್ಲು ಕಚ್ಚಿ ದೂಡಿದಳು. ಅಜ್ಜಿ ಒಂದು ಗೇಣು ಮೇಲೆ ಬಂದಳು. ಅಷ್ಟರಲ್ಲಿ ಹಾಸಿಗೆ ಒದ್ದೆಯಾಯಿತು. ಬಟ್ಟೆ ತಂದಳು. ಕೆಳಗೆ ಗೇರ್ ಸೈಕಲ್ಲಿನ ಬೆಲ್ ಟ್ರಿಣ್ ಟ್ರಿಣ್ ಅಂದಿತು. "ಲೇ ಪಟಪಟೀ! ನಿನ್ನ ಟರ್ನ್ ಕಣೇ!" ಪಟಪಟಿಗೆ ಕಿಟಕಿಗೆ ಹೋಗಿ "ಬರಲ್ಲ" ಎನ್ನಲೂ ಪುರಸೊತ್ತಿರಲಿಲ್ಲ. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಗಡಿಯಾರ ನೋಡಿದರೆ ಅದು ಇನ್ನೂ ಚಪ್ಪಲಿಯನ್ನೇ ಹಾಕಿಕೊಳ್ಳುತ್ತಿದ್ದ ಹಾಗಿತ್ತು.

ಅಮ್ಮನಿಗೆ ದಿನವಿಡೀ ಇದೇ, ಎಂದು ಆಗ ಅನ್ನಿಸಿತು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಅಮ್ಮ ಏದುಸಿರು ಬಿಡುತ್ತ ಹೊಸ್ತಿಲಲ್ಲಿ ನಿಂತಿದ್ದಳು. ಮೈದಾನದವರೆಗೂ ಹೋಗಿರಲಿಲ್ಲ. ಹೋಗಿ ಬರುವಷ್ಟು ಹೊತ್ತೇ ಆಗಿರಲಿಲ್ಲ. ಬೀದಿಯ ತಿರುವಿನಿಂದಲೇ ಹಿಂದಿರುಗಿ, ಮಂಡಿ ಹಿಡಿದುಕೊಂಡು, ಮೆಟ್ಟಿಲೆಲ್ಲ ಹತ್ತಿ ಬಂದಿದ್ದಳು.

"ಇದೀಯಾ?" ಎಂದಳು.

ಪಟಪಟಿ ಒದ್ದೆ ಬಟ್ಟೆ ಹಿಡಿದುಕೊಂಡೇ ತಿರುಗಿದಳು.

"ಇದೀನಮ್ಮಾ."

ಅಮ್ಮ ಒಳಗೆ ಬಂದಳು. ಮತ್ತೆ ಹೋಗಲಿಲ್ಲ. ಶೂಸ್ ಬಿಚ್ಚಿ, ಒದ್ದೆ ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡಳು.

ಮರುಸಂಜೆ ಪಟಪಟಿ ಅಜ್ಜಿಯ ಪಕ್ಕ ಕೂತು ಮೆಟ್ಟಿಲ ಸದ್ದಿಗೆ ಕಿವಿಗೊಟ್ಟಳು. ಅಮ್ಮ ಅವತ್ತೂ ನಡುವೆಯೇ ಹಿಂದಿರುಗಿ ಬಂದಳು.

ಆದರೆ ಮೊದಲ ದಿನಕ್ಕಿಂತ ಸ್ವಲ್ಪ ತಡವಾಗಿ.