ಮೇಜಿನ ಕೆಳಗಿನ ಕೇಬಲ್

ಬೆಳಗ್ಗೆ ಹನ್ನೊಂದರ ಹೊತ್ತಿಗೆ ದೂರಸಂಪರ್ಕ ಸಂಶೋಧನಾಲಯದ ನಿರ್ದೇಶಕ ಏದುಸಿರು ಬಿಡುತ್ತಾ ಠಾಣೆಗೆ ಬಂದ. ಗಣಿ ಉದ್ಯಮಿಗಳ ತಂಡವೊಂದು ಪ್ರಯೋಗಾಲಯ ನೋಡಲು ಬಂದಿತ್ತಂತೆ. ಅವರು ಚಹಾ ಮುಗಿಸುವಷ್ಟರಲ್ಲಿ, ತೋರಿಸಬೇಕಿದ್ದ ಯಂತ್ರವೇ ಮಂಗಮಾಯ. ಗಣಿಯ ಆಳದಿಂದ ತಂತಿಯಿಲ್ಲದೆ ಮೇಲಕ್ಕೆ ಮಾತು ಕಳಿಸುವ ಯಂತ್ರ ಅದು. ಒಪ್ಪಂದಕ್ಕೆ ಸಹಿಯೊಂದೇ ಬಾಕಿ.

"ಬಂದವರಲ್ಲೇ ಯಾರೋ ಎತ್ತಿದ್ದಾರೆ ಸಾರ್," ಎಂದ.

ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ಹೆಡ್ ಕಾನ್‌ಸ್ಟೇಬಲ್ ಜೊತೆ ಸ್ಥಳಕ್ಕೆ ಹೋದ. ಉದ್ಯಮಿಗಳು ಮುಖ ಗಂಟಿಕ್ಕಿಕೊಂಡು ಚೀಲ ತೆರೆದು ತೋರಿಸಿದರು. ಏನೂ ಸಿಗಲಿಲ್ಲ.

ಪಂಚನಾಮೆ ಬರೆಯುವಾಗ ಹೆಡ್ ಕಾನ್‌ಸ್ಟೇಬಲ್ ಯಂತ್ರವಿದ್ದ ಮೇಜಿನ ಹೊದಿಕೆ ಎತ್ತಿದ. ಕೆಳಗೊಂದು ಕೇಬಲ್, ಅದರ ತುದಿಗೆ ಪುಟ್ಟ ಪ್ಲಾಸ್ಟಿಕ್ ಮುಚ್ಚಳ.

"ತಂತಿಯಿಲ್ಲದ ಯಂತ್ರಕ್ಕೆ ಇದೇನು ಸಾರ್, ಬಾಲ?"

ನಿರ್ದೇಶಕ ಹೊದಿಕೆಯನ್ನು ಕೆಳಗೆಳೆಯಲು ಕೈ ಚಾಚಿದ. "ಅದು... ಅತಿಥಿಗಳು ಬಂದಾಗ ಹಾಕ್ತೀವಿ."

"ಮುಚ್ಚಳ ಯಾಕೆ?"

"ಧೂಳು ಕೂರಬಾರದು ಅಂತ. ಬಿಚ್ಚಿದ ತಕ್ಷಣ ಮುಚ್ಚೋದು ನಮ್ಮವರ ಅಭ್ಯಾಸ."

ಇನ್‌ಸ್ಪೆಕ್ಟರ್‌ಗೆ ನಗು ಬಂತು. ಕದಿಯುವ ಗಡಿಬಿಡಿಯಲ್ಲೂ ಧೂಳಿನ ಚಿಂತೆ ಮಾಡಲು ಹೊರಗಿನವನಿಗೇನು ತಲೆ ಕೆಟ್ಟಿದೆಯೇ?

"ಆ ಯಂತ್ರ ಕಟ್ಟಿದವರು ಯಾರು?"

ಕಿಟಕಿ ಪಕ್ಕ ನಿಂತಿದ್ದ ಎಂಜಿನಿಯರಮ್ಮ ಸುತ್ತಿಬಳಸಲಿಲ್ಲ. "ನಾನೇ ಸಾರ್. ತೆಗೆದವಳೂ ನಾನೇ. ನನ್ನ ಬೀರುವಿನಲ್ಲಿದೆ."

"ಯಾಕಮ್ಮಾ?"

"ಆ ಕೇಬಲ್ ಕಿತ್ತರೆ ಪಕ್ಕದ ಕೋಣೆಗೂ ಮಾತು ಹೋಗಲ್ಲ. ಇನ್ನೊಂದು ವರ್ಷ ಕೊಡಿ ಅಂತ ನಿರ್ದೇಶಕರ ಕಾಲು ಹಿಡಿದೆ, ಬಾಯಿ ಮುಚ್ಚು ಅಂದ್ರು. ಇದನ್ನ ಇಟ್ಟು, ಗಣಿಯ ಹಳೇ ಟೆಲಿಫೋನ್ ತೆಗೆದುಹಾಕ್ತಾರೆ. ನನ್ನ ತಮ್ಮ ಅಲ್ಲೇ ಇಳೀತಾನೆ ಸಾರ್."

"ಕೊಳ್ಳೋಕೆ ಬಂದವರಿಗೇ ಹೇಳಬಹುದಿತ್ತಲ್ಲ?"

"ಅವರ ಮುಖ್ಯಸ್ಥರಿಗೆ ಮೆಟ್ಟಿಲ ಹತ್ರ ಹೇಳ್ದೆ. ಗೋಡೆ ಮೇಲೊಂದು ಯಂತ್ರ ಇದ್ರೆ ಸಾಕಮ್ಮ, ತಪಾಸಣೆಯವರು ಸುಮ್ಮನಾಗ್ತಾರೆ ಅಂತ ನಕ್ಕರು."

ಇನ್‌ಸ್ಪೆಕ್ಟರ್‌ಗೆ ಮೈಯೆಲ್ಲ ಉರಿಯಿತು. ಕಳ್ಳತನಕ್ಕೆ ದೂರುದಾರನಿದ್ದ. ಮೋಸಕ್ಕೆ, ಮೋಸ ಹೋದವರೇ ಇಲ್ಲ! ಯಂತ್ರವನ್ನು ಜಪ್ತಿ ಮಾಡಿ, ಇದು ನ್ಯಾಯಾಲಯಕ್ಕೆ ಹೋಗುತ್ತದೆ ಎಂದಾಗ ನಿರ್ದೇಶಕ ಕೈ ಬೀಸಿದ. "ಪರವಾಗಿಲ್ಲ, ಇನ್ನೊಂದಿದೆ." ಸ್ವಲ್ಪ ಹೊತ್ತಿಗೆ ಪಕ್ಕದ ಸಭಾಂಗಣದಿಂದ ಚಪ್ಪಾಳೆ ಕೇಳಿಸಿತು. ಸಹಿ ಬಿದ್ದಿತ್ತು.

ಮಧ್ಯಾಹ್ನ ಎರಡಕ್ಕೆ ಮಹಿಳಾ ಕಾನ್‌ಸ್ಟೇಬಲ್ ಬಂದು ಎಂಜಿನಿಯರಮ್ಮನನ್ನು ಬಂಧಿಸಿದಳು. ವಿಷಯವನ್ನು ಮನೆಯವರಿಗೆ ತಿಳಿಸುವುದು ನಿಯಮ. ಅವಳು ತಮ್ಮನ ನಂಬರ್ ಕೊಟ್ಟಳು. ಹೆಡ್ ಕಾನ್‌ಸ್ಟೇಬಲ್ ಮತ್ತೆ ಮತ್ತೆ ಪ್ರಯತ್ನಿಸಿದ.

"ಸಂಪರ್ಕಕ್ಕೆ ಸಿಗ್ತಿಲ್ಲಮ್ಮ."

"ಹಗಲು ಪಾಳಿ ಸಾರ್, ಕೆಳಗಿದ್ದಾನೆ," ಅಂದಳು. "ಸಂಜೆ ಮೇಲಕ್ಕೆ ಬಂದಮೇಲೆ ಮಾಡಿ."