ಕಬ್ಬಿಣದ ಆನೆಗೆ ಕೊಬ್ಬರಿ ಎಣ್ಣೆ

ಜುಂಜ ಮೊದಲ ಸಲ ಮನೆ ಬಿಟ್ಟು ನಡೆದದ್ದು ಒಂದು ಮಂಗಳವಾರ, ಅದೂ ಅಮಾವಾಸ್ಯೆ. ನಾಯಿ ಕೂಡ ಹೊಸಿಲು ದಾಟಲು ಯೋಚಿಸುವ ದಿನ. ಮಠದ ಅಯ್ಯನೋರ ಹತ್ತಿರ ಅಕ್ಷರ ಕಲಿಯುವುದನ್ನು ಅರ್ಧಕ್ಕೇ ಬಿಟ್ಟಿದ್ದ ಹುಡುಗ, ಆಮೇಲೆ ಹನ್ನೆರಡು ವರ್ಷ ಎಲ್ಲಿಯೂ ಒಂದು ಮಳೆಗಾಲ ಪೂರ್ತಿ ನಿಲ್ಲಲಿಲ್ಲ. ನಡೆದು ನಡೆದು ಕೆಂದೆಂಗಿನ ರಾಜ್ಯಕ್ಕೆ ಬಂದ. ಇದೆಲ್ಲ ಬಹಳ ಹಿಂದಿನ ಮಾತು. ಆಗ ಬೆಟ್ಟಗಳು ಇನ್ನೂ ಒಂದಕ್ಕೊಂದು ಮಾತಾಡುತ್ತಿದ್ದವು.

ಆ ರಾಜ್ಯದಲ್ಲಿ ಎಲ್ಲಿ ನೋಡಿದರೂ ತೆಂಗು. ತೆಂಗಿನ ಬೇರು ಆಳದ ನೀರು ಮುಟ್ಟುತ್ತಿತ್ತು, ಮನುಷ್ಯರ ಹಗ್ಗ ಮುಟ್ಟುತ್ತಿರಲಿಲ್ಲ. ಬಂಡೆಯ ಕೆಳಗಿನ ನೀರನ್ನು ಮೇಲೆತ್ತಿ ಕೊಡುತ್ತಿದ್ದುದು ಒಂದು ಕಬ್ಬಿಣದ ಆನೆ. ಆನೆ ಕುಡಿಯುತ್ತಿದ್ದುದು ಕರಿ ಎಣ್ಣೆ. ಕರಿ ಎಣ್ಣೆ ಇದ್ದದ್ದು ಮಸಿರಾಯನೆಂಬ ಮಾಂತ್ರಿಕನ ಹತ್ತಿರ. ಅವನು ಅಮಾವಾಸ್ಯೆಗೊಮ್ಮೆ ಒಂದು ಕೊಡ ತರುತ್ತಿದ್ದ. ಕೊಡಕ್ಕೆ ಬದಲಾಗಿ ಒಬ್ಬರ ಒಂದು ಕಣ್ಣಿನ ಬೆಳಕು ಹೀರಿಕೊಂಡು ಹೋಗುತ್ತಿದ್ದ.

ಊರಿನ ಅರ್ಧ ಜನ ಗೋಡೆ ಹಿಡಿದು ನಡೆಯುತ್ತಿದ್ದರು.

ಗಾಣದ ಸಂಕವ್ವನಿಗೆ ಒಂದು ಕಣ್ಣು ಉಳಿದಿತ್ತು. ಬರುವ ಅಮಾವಾಸ್ಯೆಗೆ ಸರದಿ ಅದರದ್ದೇ. ಜುಂಜ ಅವಳ ಬಾಗಿಲಲ್ಲಿ ನೀರು ಕೇಳಿದಾಗ ಅರ್ಧ ಚೊಂಬು ಕೊಟ್ಟಳು.

"ಬಾಯಿ ಕಚ್ಚಿ ಕುಡಿಬೇಡ, ಎತ್ತಿ ಕುಡಿ. ಒಂದು ಹನಿ ಚೆಲ್ಲಿದ್ಯೋ, ಯಾರದೋ ಕಣ್ಣು ಚೆಲ್ಲಿದ ಹಾಗೆ."

ಜುಂಜ ಕುಡಿದು, ಗಾಣದ ಕಡೆ ನೋಡಿದ. "ಅಕ್ಕ, ಮನೆತುಂಬ ಎಣ್ಣೆ ಇಟ್ಕೊಂಡು ಅವನ ಎಣ್ಣೆ ಯಾಕೆ?"

"ಬೇರೆ ಎಣ್ಣೆ ಕುಡಿದರೆ ಆನೆ ಸಾಯ್ತದೆ ಅಂತ ಮಸಿರಾಯ ಹೇಳವ್ನೆ."

"ಮಾರೋನೇ ಹೇಳಿದ್ದಾ?"

ಸಂಕವ್ವ ಎದ್ದಳು. ಗಾಣಕ್ಕೆ ಎತ್ತು ಕಟ್ಟಿದಳು.

ಮೊದಲನೆಯ ಸಲ ಗಾಣದ ಎಣ್ಣೆಯನ್ನು ಹಾಗೇ ಹುಯ್ದರು. ಬೆಳಗಿನ ಚಳಿಗೆ ಎಣ್ಣೆ ಆನೆಯ ಗಂಟಲಲ್ಲೇ ಬೆಳ್ಳಗೆ ಹೆಪ್ಪಾಯಿತು. ಆನೆ ಮುಂಗಾಲು ಮಡಿಸಿ ಬಿತ್ತು.

"ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗೋದು ತೊಟ್ಟಿಲ ಕೂಸಿಗೂ ಗೊತ್ತು," ಎಂದು ಜನ ಉಗಿದರು.

ಜುಂಜ ತಾನು ಸುತ್ತಿದ ಊರುಗಳನ್ನೆಲ್ಲ ನೆನೆದ. ಒಂದು ಬೆಟ್ಟದಲ್ಲಿ ಸಾರಾಯಿ ಬಟ್ಟಿ ಇಳಿಸುವವರು ಎಣ್ಣೆಗೆ ಸಾರಾಯಿ, ಬೂದಿಯಿಂದ ತೆಗೆದ ಉಪ್ಪು ಬೆರೆಸಿ ದೀಪ ಉರಿಸುತ್ತಿದ್ದರು. ಆ ದೀಪ ಚಳಿಗೆ ಹೆದರುತ್ತಿರಲಿಲ್ಲ. ತೆಂಗಿನ ಹೆಂಡದಿಂದ ಸಾರಾಯಿ ಇಳಿಸಿದ, ತೆಂಗಿನ ಮಟ್ಟೆ ಸುಟ್ಟು ಬೂದಿಯ ಉಪ್ಪು ತೆಗೆದ. ಎಣ್ಣೆಗೆ ಎರಡನ್ನೂ ಹಾಕಿ ಕಲಕಿದ.

ಎರಡನೆಯ ಸಲ ಆನೆಯ ಸೊಂಡಿಲಿಂದ ನೊರೆ ಉಕ್ಕಿತು. ಎಣ್ಣೆಯೆಲ್ಲ ಸಾಬೂನಾಗಿತ್ತು. ಆನೆ ಹಿಂಗಾಲೂ ಮಡಿಸಿತು. ಯಾರೂ ಉಗಿಯಲಿಲ್ಲ. ಅದೇ ಜುಂಜನಿಗೆ ಹೆಚ್ಚು ನೋವು ಕೊಟ್ಟಿತು.

ಎರಡೂ ಕಣ್ಣು ಕೊಟ್ಟಿದ್ದ ಮೂಡಲಜ್ಜ ಕೋಲೂರಿಕೊಂಡು ಬಂದ. "ಕಾಯಿ ಆರಿಸಿದ್ದು ಯಾರಪ್ಪ?"

"ನಾನೇ ಅಜ್ಜ. ಚೆನ್ನಾಗಿ ಒಣಗಿದ್ದನ್ನ ನೋಡಿ ನೋಡಿ ಆರಿಸಿದೆ."

"ನೋಡಿದ್ಯಾ? ಅದಕ್ಕೇ ಕೆಟ್ಟಿದ್ದು. ಕಾಯಿನ ನೋಡಬಾರದು, ಕೇಳಬೇಕು. ನೀರಿನ ಪಸೆ ಒಳಗೇ ಉಳಿದಿತ್ತು, ಅದಕ್ಕೇ ಎಣ್ಣೆ ಸಾಬೂನಾಯ್ತು."

ಅಟ್ಟದ ಮೇಲೆ ವರ್ಷದಿಂದ ಒಣಗುತ್ತಿದ್ದ ಕಾಯಿಗಳ ನಡುವೆ ಕುರುಡರೆಲ್ಲ ಹತ್ತಿ ಕೂತರು. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲುಗಿಸಿದರು. ಗಡಗಡ ಎಂದದ್ದು ಗಾಣಕ್ಕೆ. ಗುಳುಕ್ ಎಂದದ್ದು, ಸುಮ್ಮನಿದ್ದದ್ದು ಮತ್ತೆ ಅಟ್ಟಕ್ಕೆ. ಪಸೆ ಹೋಗಲೆಂದು ಸಾರಾಯಿಯನ್ನೂ ಮತ್ತೆರಡು ಸಲ ಬಟ್ಟಿ ಇಳಿಸಿದರು, ಬೂದಿಯುಪ್ಪನ್ನು ಹೆಂಚಿನ ಮೇಲೆ ಹುರಿದರು. ಎಲ್ಲ ಬೆರೆಸಿ ಮುಗಿಸುವಷ್ಟರಲ್ಲಿ ಅಮಾವಾಸ್ಯೆ ಬಂತು, ನಡುಹಗಲಿಗೆ ಮಸಿರಾಯನೂ ಬಂದ. ಅವನು ನಿಂತ ಕಡೆ ಹುಲ್ಲು ಕಪ್ಪಾಯಿತು.

"ಬಾ ಸಂಕವ್ವ. ಬಾಕಿ ಕಣ್ಣು."

"ಅವಳದು ಬೇಡ," ಎಂದ ಜುಂಜ. "ನಮ್ಮ ಎಣ್ಣೆಗೆ ಆನೆ ಏಳದಿದ್ದರೆ ನನ್ನ ಎರಡೂ ತಗೋ."

ಹೇಳಿದ ಮೇಲೆ ಊರಾಚೆಯ ದಾರಿಯ ಕಡೆ ನೋಡಿದ. ಕಣ್ಣಿಲ್ಲದೆ ಹೊಸ ದಾರಿ ಎಲ್ಲಿಂದ ಬಂತು?

ಮಸಿರಾಯ ನಕ್ಕ. "ಅಲೆಮಾರಿ ಕಣ್ಣಿಗೆ ರುಚಿ ಜಾಸ್ತಿ. ಹುಯ್ಯಿ ನೋಡೋಣ."

ಸಂಕವ್ವ ಹಂಡೆಗೆ ಅಡ್ಡ ನಿಂತಳು. "ತಡಿ. ಗಷ್ಟು ಇನ್ನೂ ತಳ ಸೇರಿಲ್ಲ."

"ಹುಯ್ಯೇ ಮಾರಾಯ್ತಿ!" ಜನ ಕೂಗಿದರು.

"ಗಷ್ಟಿನ ಸಮೇತ ಹುಯ್ದರೆ ಆನೆ ಇವತ್ತೇ ಸಾಯ್ತದೆ. ಕೂಗಬೇಡಿ."

ಮಸಿರಾಯ ಕಾಯುವವನಲ್ಲ. ಜುಂಜನ ಎಡಗಣ್ಣಿನ ಮೇಲೆ ಹೆಬ್ಬೆರಳಿಟ್ಟ. ಎಡಕ್ಕಿದ್ದ ಲೋಕವೆಲ್ಲ ಆರಿಹೋಯಿತು. ಜುಂಜ ಹಲ್ಲು ಕಚ್ಚಿದ, ಸಂಕವ್ವನನ್ನು ಅವಸರ ಮಾಡಲಿಲ್ಲ. ಹೆಬ್ಬೆರಳು ಬಲಗಣ್ಣಿಗೆ ಬಂತು. ಆಗ ಹಂಡೆಯಲ್ಲಿ ಕಂದು ಗಷ್ಟು ಕೆಳಗೆ ಕೂತು, ಮೇಲೆ ಎಳನೀರಿನಂಥ ತಿಳಿ ನಿಂತಿತು.

"ಈಗ," ಎಂದಳು ಸಂಕವ್ವ.

ಆನೆ ಕುಡಿಯಿತು. ಒಂದು ಕಾಲು ಊರಿತು, ನಾಲ್ಕೂ ಊರಿತು. ಬಂಡೆಯೊಳಗೆ ಸೊಂಡಿಲು ಇಳಿಸಿ ನೀರು ಚಿಮ್ಮಿಸಿತು.

"ನಿನ್ನ ಎಣ್ಣೆ ನಮಗೆ ಬೇಡ," ಎಂದು ಊರೆಲ್ಲ ಒಂದೇ ಮಾತು ಹೇಳಿತು. ಬೇಕು ಎನ್ನುವವರಿಲ್ಲದ ಕಡೆ ಮಾಂತ್ರಿಕ ಬದುಕುವುದಿಲ್ಲ. ಮಸಿರಾಯ ನಿಂತಲ್ಲೇ ಮಸಿಯಾಗಿ ಉದುರಿದ. ಅವನ ಕೊಡ ಒಡೆಯಿತು. ಕಣ್ಣಿನ ಬೆಳಕುಗಳು ಮಿಣುಕು ಹುಳಗಳಂತೆ ಹಾರಿ ತಮ್ಮ ತಮ್ಮವರನ್ನು ಹುಡುಕಿಕೊಂಡವು. ಸತ್ತವರ ಬೆಳಕುಗಳು ಮಾತ್ರ ಮನೆ ಮನೆ ಬಾಗಿಲಿಗೆ ಹೋಗಿ ನೋಡಿ, ಕಾದು, ಆರಿದವು. ಹಾಗೆ ಆರಿದ್ದೇ ಹೆಚ್ಚು.

ಕೆಂದೆಂಗಿನ ನಾಡಿನವರು ಆಮೇಲೆ ಸುಖವಾಗಿಯೇ ಬಾಳಿದರು. ಆದರೆ ಮೂಡಲಜ್ಜ ಕಣ್ಣು ಬಂದ ದಿನ ತನ್ನ ಮನೆಯನ್ನೊಮ್ಮೆ ಸುತ್ತಿ ನೋಡಿದ. ಹೆಂಡತಿ ಇಲ್ಲದ ಮನೆಯನ್ನು ಅವನು ಅಲ್ಲಿಯವರೆಗೆ ನೋಡಿರಲಿಲ್ಲ. ಮರಳಿ ಅಟ್ಟ ಹತ್ತಿ, ಕಣ್ಣು ಮುಚ್ಚಿ, ಕಾಯಿ ಅಲುಗಿಸುತ್ತ ಕೂತ.

ಮೂರನೆಯ ದಿನ ಜುಂಜ ಕಂಬಳಿ ಮಡಿಸತೊಡಗಿದ.

"ಕಣ್ಣನ್ನೇ ಕೊಡೋಕೆ ನಿಂತೋನು, ಒಂದು ಮಳೆಗಾಲ ನಿಲ್ಲಕ್ಕಾಗಲ್ವೇನೋ?" ಎಂದಳು ಸಂಕವ್ವ.

"ಕಣ್ಣು ಕೊಡೋದು ಒಂದು ದಿನದ ಮಾತು ಅಕ್ಕ. ನಿಲ್ಲೋದು ದಿನಾ ಇರ್ತದೆ."

ಅವಳು ಒಳಗೆ ಹೋದಳು. ಗಂಟು ಕಟ್ಟಲು ತೆಂಗಿನ ನಾರಿನ ಹಗ್ಗ ತಂದು ಕೊಟ್ಟಳು. ಜುಂಜ ಎರಡು ಸುತ್ತು ಸುತ್ತಿ ಬಿಗಿದ.