ಬೀದಿಯಲ್ಲಿ ನಿಂತ ಅತ್ತೆಯ ಮನೆ

"ಅತ್ತೆ ಬೇಡ ಅಂದ್ರು ಅಜ್ಜಿ."

ಸ್ಪಂದನಾ ಡಬ್ಬಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಳು. ಒಳಗೆ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಹಾಗೇ ಇದ್ದವು.

"ಬ್ಯಾಡ ಅಂದ್ಲಾ? ಯಾಕಂತೆ?"

"ಅವರೇ ಉಪ್ಪಿಟ್ಟು ಮಾಡ್ಕೊಂಡಿದ್ದಾರೆ. ನೀವೂ ತಿಂಡಿಗೆ ಬರ್ಬೇಕಂತೆ."

"ಎಲ್ಲಿಗೆ?"

"ಅಲ್ಲಿಗೇ... ವ್ಯಾನಿಗೆ."

ಅಜ್ಜಿ ಒಲೆಯನ್ನು ಟಪ್ಪೆಂದು ಆರಿಸಿದರು. "ತೌರಿಗೆ ಬಂದ ಮಗಳು ಬೀದೀಲಿ ಒಲೆ ಹಚ್ಚವ್ಳೆ. ಅದ್ರ ಮ್ಯಾಲೆ ನಂಗೆ ಕರೆ ಬೇರೆ. ಓಗು, ನಂಗೆ ಅಸಿವಿಲ್ಲ ಅನ್ನು."

ಬೆಳಗಿನಿಂದ ಸ್ಪಂದನಾಗೆ ಇದೇ ಕೆಲಸ. ಮನೆಯಿಂದ ವ್ಯಾನಿಗೆ, ವ್ಯಾನಿಂದ ಮನೆಗೆ. ದಸರಾ ರಜೆಯಲ್ಲಿ ಇಂಥ ಹೋಂವರ್ಕ್ ಸಿಗುತ್ತದೆ ಅಂತ ಅವಳು ಅಂದುಕೊಂಡಿರಲಿಲ್ಲ.

ಸುಧಾಮಣಿ ಅತ್ತೆ ಅಜ್ಜಿಯ ಮಗಳು. ತುಮಕೂರಿನಿಂದ ಚಾಮರಾಜನಗರಕ್ಕೆ ಪ್ರತಿ ಸಲ ಬಸ್ಸಿನಲ್ಲೋ ರೈಲಿನಲ್ಲೋ ಬರುತ್ತಿದ್ದರು. ಈ ಸಲ ರಘುನಾಥ ಮಾವ ಬಾಡಿಗೆಗೆ ಒಂದು ವ್ಯಾನು ಹಿಡಿದು, ತಾವೇ ಓಡಿಸಿಕೊಂಡು ಬಂದಿದ್ದರು. ಅದೇನು ಅಂತಿಂಥ ವ್ಯಾನಲ್ಲ. ಒಳಗೆ ಮಂಚ, ಸೋಫಾ, ಗ್ಯಾಸ್ ಒಲೆ, ಸಿಂಕು, ಫ್ರಿಡ್ಜು ಎಲ್ಲ ಇತ್ತು. ಒಂದು ಪುಟ್ಟ ಬಾಗಿಲು ತೆಗೆದರೆ ಟಾಯ್ಲೆಟ್ಟೂ ಇತ್ತು! ಮಾವ ಅದಕ್ಕೆ ಕ್ಯಾರವಾನ್ ಅನ್ನುತ್ತಿದ್ದರು.

ನಿನ್ನೆ ಸಂಜೆ ಅದು ಗೇಟಿನ ಮುಂದೆ ಬಂದು ನಿಂತಾಗ ಸ್ಪಂದನಾ ಕುಣಿದಾಡಿದ್ದಳು. ಎಡವಟ್ಟಾಗಿದ್ದು ಊಟ ಆದ ಮೇಲೆ. ಅಜ್ಜಿ ತಮ್ಮ ಮಂಚಕ್ಕೆ ಹೊಸ ಬೆಡ್‌ಶೀಟ್ ಹಾಸಿ ಕಾಯುತ್ತಿದ್ದರೆ, ಅತ್ತೆ ಮಾವ "ಗುಡ್ ನೈಟ್" ಹೇಳಿ ವ್ಯಾನಿಗೆ ಹೋಗಿ ಮಲಗಿಬಿಟ್ಟರು.

ಬೆಳಿಗ್ಗೆ ಎದುರುಮನೆಯ ಚಿಕ್ಕಮಲ್ಲಮ್ಮ ರಂಗೋಲಿ ಡಬ್ಬಿ ಹಿಡಿದು ನಿಂತೇ ಇದ್ದರು. "ಏನ್ ಮಹಾಲಕ್ಷ್ಮಮ್ಮ, ಮಗಳು ಮನೇನೂ ಜೊತೇಲೇ ತಂದವ್ಳೆ? ನಿಮ್ಮನೇಲಿ ಜಾಗ ಇರ್ನಿಲ್ವಾ?"

ಅಜ್ಜಿ ನಕ್ಕು ಒಳಗೆ ಬಂದರು. ಬಂದ ಮೇಲೆ ನಗಲಿಲ್ಲ.

ಸ್ಪಂದನಾಗೆ ತಲೆ ಬುಡ ಅರ್ಥವಾಗಲಿಲ್ಲ. ಅತ್ತೆ ನಮ್ಮ ಮನೆಗೆ ಬಂದ ನೆಂಟರು. ಆದರೆ ನಮ್ಮನ್ನೇ ತಿಂಡಿಗೆ ಕರೆಯುತ್ತಿದ್ದಾರೆ. ಹಾಗಾದರೆ ನಾವೇ ನೆಂಟರಾ? ವ್ಯಾನಿನ ಬಾಗಿಲು ತಟ್ಟಬೇಕಾ, ಸುಮ್ಮನೆ ಹತ್ತಬೇಕಾ? ಒಂದು ಸಲ ತಟ್ಟಿದಳು, ಒಂದು ಸಲ ಹತ್ತಿದಳು. ಎರಡೂ ಸರಿ ಅನ್ನಿಸಲಿಲ್ಲ.

ಡ್ಯೂಟಿಗೆ ಹೊರಟಿದ್ದ ಅಪ್ಪ ಅವಳನ್ನು ಪಕ್ಕಕ್ಕೆ ಕರೆದರು. "ಇವತ್ತು ಅವರು ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗ್ತಾರೆ. ನಾಳೆ ಬೆಳಿಗ್ಗೆ ಊರು ಬಿಡ್ತಾರೆ. ನೀನು ಹೇಗಾದ್ರೂ ಅಜ್ಜೀನ ಇವತ್ತು ವ್ಯಾನ್ ಹತ್ತಿಸು ಪುಟ್ಟಿ."

"ಯಾಕಪ್ಪ?"

"ಹಿಂಗೇ ಮುನಿಸ್ಕೊಂಡು ಬೇರೆ ಆದ್ರೆ ಆಯ್ತು ಕತೆ. ಮುಂದಿನ ವರ್ಷದ ತನಕ ಒಬ್ಬರಿಗೊಬ್ಬರು ಫೋನೂ ಮಾಡಲ್ಲ. ಅಮ್ಮ ಮಗಳದ್ದು ಒಂದೇ ಹಠ."

ಸ್ಪಂದನಾಗೆ ಭಯವಾಯಿತು. ಅವಳು ನೇರವಾಗಿ ಅಜ್ಜಿಯ ಹತ್ತಿರ ಹೋಗಿ, "ನೀವು ಬರ್ದಿದ್ರೆ ನಾನೂ ಬೆಟ್ಟಕ್ಕೆ ಹೋಗಲ್ಲ" ಅಂದಳು. ಆ ಸೋಫಾ ಮೇಲೆ ಕೂತು ಹೋಗಬೇಕೆಂದು ಅವಳಿಗೆ ಎಷ್ಟು ಆಸೆ ಇತ್ತು!

ಅಜ್ಜಿ ಅವಳ ಮುಖ ನೋಡಿದರು. ರೊಟ್ಟಿ ಡಬ್ಬಿಯನ್ನು ಚೀಲಕ್ಕೆ ತುರುಕಿದರು. "ಬತ್ತೀನಿ ಬುಡು. ದೇವ್ರಿಗೋಸ್ಕರ ಬತ್ತಿರೋದು, ಆ ಗಾಡಿಗೋಸ್ಕರ ಅಲ್ಲ."

ವ್ಯಾನು ಹೊರಟಿತು. ಅಜ್ಜಿ ಸೋಫಾ ಬಿಟ್ಟು ಬಾಗಿಲ ಪಕ್ಕದ ಚಿಕ್ಕ ಸೀಟಿನ ತುದಿಯಲ್ಲಿ ಕೂತರು. ತೊಡೆಯ ಮೇಲೆ ಚೀಲ. ಸರ್ಕಾರಿ ಬಸ್ಸಿನಲ್ಲಿ ಮುಂದಿನ ಸ್ಟಾಪಿಗೆ ಇಳಿಯುವವರು ಹಾಗೆ ಕೂರುತ್ತಾರೆ.

"ಸೋಫಾ ಮೇಲೆ ಆರಾಮಾಗಿ ಕೂತ್ಕೊಳಮ್ಮ" ಅಂದರು ಅತ್ತೆ.

ಅಜ್ಜಿ ಸ್ಪಂದನಾ ಕಡೆ ತಿರುಗಿದರು. "ಗುಂಡ್ಲುಪೇಟೆ ಬಂದ್ರೆ ಏಳಕ್ಕೇಳು ನಿಮ್ಮತ್ತೆಗೆ."

ಅತ್ತೆ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿದ್ದರು. ಆದರೂ ಸ್ಪಂದನಾ, "ಅತ್ತೆ, ಗುಂಡ್ಲುಪೇಟೆ ಬಂದ್ರೆ ಹೇಳ್ಬೇಕಂತೆ" ಅಂದಳು.

"ಇನ್ನೂ ತೆರಕಣಾಂಬಿನೇ ಬಂದಿಲ್ಲ ಅಂತ ಹೇಳು."

"ಅಜ್ಜಿ, ಇನ್ನೂ ತೆರಕಣಾಂಬಿನೇ..."

"ಕೇಳುಸ್ತು ಬುಡು. ನನ್ ಕಿವಿ ನೆಟ್ಟಗದೆ."

ಕಿಟಕಿಯಾಚೆ ಅರಿಶಿನದ ಹೊಲಗಳು ಹಸಿರಾಗಿ ಓಡುತ್ತಿದ್ದವು. ಸ್ಪಂದನಾ ಅವನ್ನೇ ನೋಡುತ್ತ ಕೂತಳು. ಯಾರ ಕಡೆ ನೋಡಿದರೂ ಇನ್ನೊಬ್ಬರಿಗೆ ಬೇಜಾರಾಗಬಹುದು ಅನ್ನಿಸಿತ್ತು.

ತೆರಕಣಾಂಬಿ ದಾಟಿದ ಮೇಲೆ ರಸ್ತೆ ಪಕ್ಕದಲ್ಲೇ ಚೆಂಡುಹೂವಿನ ದೊಡ್ಡ ಹೊಲ ಸಿಕ್ಕಿತು. ಮಾವ ವ್ಯಾನು ನಿಲ್ಲಿಸಿ, ಫೋನು ಹಿಡಿದು ಇಳಿದೇಬಿಟ್ಟರು. ಹೂವು ಕಂಡರೆ ಮಾವನಿಗೆ ಹೆಂಡತಿಯೂ ಬೇಡ, ಹೆಂಡತಿಯ ಅಮ್ಮನೂ ಬೇಡ. ಅಜ್ಜಿ, ಅತ್ತೆ, ಸ್ಪಂದನಾ ಇಳಿದು ಹುಣಸೆಮರದ ನೆರಳಲ್ಲಿ ಒಬ್ಬೊಬ್ಬರು ಒಂದೊಂದು ಕಡೆ ನಿಂತರು.

ಹೊಲದಲ್ಲಿ ಹೂ ಕೀಳುತ್ತಿದ್ದ ಹೆಂಗಸೊಬ್ಬರು ಬುಟ್ಟಿ ಇಳಿಸಿ ಹತ್ತಿರ ಬಂದರು. ಅವರ ಹೆಸರು ಈರಮ್ಮ ಅಂತ ಆಮೇಲೆ ಗೊತ್ತಾಯಿತು. ಅವರು ಬಾಗಿಲಲ್ಲಿ ಇಣುಕಿ ಒಲೆ ನೋಡಿದರು, ಮಂಚ ನೋಡಿದರು.

"ಇದೇನವ್ವ ಇದು? ಬಸ್ಸೋ, ಮನೆಯೋ?"

ಸದ್ಯ, ಇನ್ನೊಬ್ಬರಿಗೂ ಅದೇ ಡೌಟು ಬಂತಲ್ಲ ಅಂತ ಸ್ಪಂದನಾಗೆ ಖುಷಿಯಾಯಿತು. ಅವಳು ಅತ್ತೆಯ ಕಡೆ ನೋಡಿದಳು. ಅತ್ತೆ ಅಜ್ಜಿಯ ಕಡೆ ನೋಡಿದರು.

ಅಜ್ಜಿ ಸೆರಗು ಸರಿ ಮಾಡಿಕೊಂಡರು. "ಮನೆ ಕಣವ್ವ. ನನ್ ಮಗಳ ಮನೆ. ಬಾಗ್ಲಲ್ಲಿ ಯಾಕೆ ನಿಂತೆ, ಬಾ ಒಳಕ್ಕೆ."

ಈರಮ್ಮ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದರು. ಅಜ್ಜಿಯೂ ತಮ್ಮ ಚಪ್ಪಲಿ ಬಿಟ್ಟು ಹತ್ತಿದರು. ಅತ್ತೆ ಒಂದು ಕ್ಷಣ ನಿಂತು, ತಮ್ಮದನ್ನೂ ಬಿಟ್ಟರು. ಎಲ್ಲರೂ ಬಿಟ್ಟ ಮೇಲೆ ಸ್ಪಂದನಾ ಮಾತ್ರ ಹಾಕಿಕೊಂಡು ಹತ್ತುವುದುಂಟೇ?

ಒಳಗೆ ಹೋದ ಅಜ್ಜಿಯನ್ನು ನೋಡಬೇಕಿತ್ತು! "ಸುಧಾ, ಕಾಪಿ ಇಡು. ಸಕ್ಕರೆ ಎಲ್ಲಿಟ್ಟಿದ್ದೀಯೆ? ಈರಮ್ಮ, ಮಂಚದ ಮ್ಯಾಲೇ ಕೂತ್ಕವ್ವ, ಸಂಕೋಚ ಬ್ಯಾಡ." ಡಬ್ಬಿ ತೆರೆದು ರೊಟ್ಟಿಯನ್ನು ಎಲ್ಲರಿಗೂ ಹಂಚಿದರು. ಅತ್ತೆಯೂ ಈಗ ಬೇಡ ಅನ್ನಲಿಲ್ಲ, ಎರಡು ತಿಂದರು.

ಈರಮ್ಮ ಹೊರಡಲು ಎದ್ದಾಗ ಅಜ್ಜಿ ಸುತ್ತ ಮುತ್ತ ನೋಡಿದರು. "ಕುಂಕುಮ ಎಲ್ಲೇ?"

"ವ್ಯಾನಲ್ಲಿ ಕುಂಕುಮ ಎಲ್ಲಿರುತ್ತಮ್ಮ?"

"ಪ್ರಿಡ್ಜ್ ಅದೆ, ಕಕ್ಕಸ್ಸು ಅದೆ, ಕುಂಕುಮ ಇಲ್ವಾ? ಚೆಂದಾಗದೆ ಕಣೆ ನಿನ್ ಸಂಸಾರ!" ಅಜ್ಜಿ ದೇವಸ್ಥಾನಕ್ಕೆಂದು ತಂದಿದ್ದ ಪೊಟ್ಟಣ ಬಿಚ್ಚಿ ಮಗಳ ಕೈಗೆ ಕೊಟ್ಟರು. ಅತ್ತೆ ಈರಮ್ಮನ ಹಣೆಗೆ ಇಟ್ಟರು. ಈರಮ್ಮ ಸಿಂಕಿನ ಪಕ್ಕದಲ್ಲಿ ಒಂದು ಬೊಗಸೆ ಹೂವಿಟ್ಟು ಹೋದರು.

ಅವರು ಹೋದ ಮೇಲೆ ಒಳಗೆ ಮತ್ತೆ ಮೂರೇ ಜನ.

"ನಿನ್ನೆನೂ ಹೀಗೇ ಒಳಗೆ ಬರಬಹುದಿತ್ತಲ್ಲಮ್ಮ" ಅಂದರು ಅತ್ತೆ ಮೆಲ್ಲಗೆ.

"ನೀನೂ ನಮ್ಮನೆ ಒಳಗೆ ಮನಿಕಬೋದಿತ್ತು" ಅಂದರು ಅಜ್ಜಿ.

ಅತ್ತೆ ಕಾಫಿ ಲೋಟಗಳನ್ನು ಸಿಂಕಿಗೆ ಹಾಕಿದರು, ಅಜ್ಜಿ ಮತ್ತೆ ಬಾಗಿಲ ಪಕ್ಕದ ಸೀಟಿಗೆ ಹೋಗಿ ಕೂತರು. ಈಗ ತಾನೇ ಇಬ್ಬರೂ ನಗುತ್ತಿದ್ದರಲ್ಲ! ಸ್ಪಂದನಾಗೆ ಅಳುವೇ ಬಂದಂತಾಯಿತು. ಅಷ್ಟರಲ್ಲಿ ಮಾವ, "ಲೇಟಾಯ್ತು, ಲೇಟಾಯ್ತು" ಅನ್ನುತ್ತ ಓಡಿಬಂದು ತಮ್ಮ ಸೀಟು ಹತ್ತಿ ಗಾಡಿ ಬಿಟ್ಟರು.

ಗುಂಡ್ಲುಪೇಟೆ ದಾಟಿ ಬೆಟ್ಟದ ತಪ್ಪಲಿಗೆ ಬಂದರು. ಅಲ್ಲಿಂದ ಮೇಲಕ್ಕೆ ಕಾಡು. ಖಾಸಗಿ ಗಾಡಿಗಳನ್ನು ಬಿಡುವುದಿಲ್ಲ, ಸರ್ಕಾರಿ ಬಸ್ಸಿನಲ್ಲೇ ಹೋಗಬೇಕು. ಬಸ್ಸು ಹೊರಡಲು ಸಿದ್ಧವಾಗಿತ್ತು.

ಅಜ್ಜಿ ಬಾಗಿಲು ತೆಗೆದು ಒಂದು ಕಾಲು ಹೊರಗೆ ಇಟ್ಟರು. ಆ ಕಾಲು ಗಾಳಿಯಲ್ಲೇ ಅತ್ತಿತ್ತ ಹುಡುಕಾಡಿತು.

"ಅಮ್ಮಿ, ನನ್ ಚಪ್ಪಲಿ ಎಲ್ಲಿ?"

ಸ್ಪಂದನಾ ತನ್ನ ಬರಿಗಾಲು ನೋಡಿಕೊಂಡಳು. ಅತ್ತೆಯ ಕಾಲು ನೋಡಿದಳು. ಮೂರೂ ಜೊತೆ ಹುಣಸೆಮರದ ಕೆಳಗೆ, ಈಗ ಅಲ್ಲಿಲ್ಲದ ಬಾಗಿಲ ಮುಂದೆ, ಸಾಲಾಗಿ ಕೂತಿರಬೇಕು.

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಲ್ಲ, ಯಾರಾದ್ರೂ ಗಾಡಿಗೆ ಚಪ್ಪಲಿ ಬಿಟ್ಟು ಹತ್ತುತ್ತಾರಾ?"

"ಗಾಡಿಗೆ ಯಾರು ಬುಟ್ರು ಅಳಿಯಂದ್ರೆ?" ಅಜ್ಜಿಗೆ ಸಿಟ್ಟೇ ಬಂತು. "ನನ್ ಮಗಳ ಮನೆ ಅಂತ ಬುಟ್ಟೆ."

ಮಾವನ ನಗು ನಿಂತಿತು. ಅತ್ತೆ ಆ ಕಡೆ ತಿರುಗಿ, ಮುಚ್ಚಿಯೇ ಇದ್ದ ಫ್ರಿಡ್ಜಿನ ಬಾಗಿಲನ್ನು ಮತ್ತೆ ಒತ್ತಿ ಮುಚ್ಚಿದರು.

"ವಾಪಸ್ ಹೋಗಿ ತರ್ಲಾ?" ಅಂತ ಮಾವ ಕೇಳಿದರು.

"ಬ್ಯಾಡ. ಬಸ್ಸು ಒಂಟೋಯ್ತದೆ. ಓಗೋದು ಗುಡೀಗೆ ತಾನೆ, ಬರಿಗಾಲಲ್ಲೇ ಓಗನ." ಅಜ್ಜಿ ಇಳಿದು ನಡೆದರು. ಮಾವ ಒಂದು ನಿಮಿಷ ಯೋಚಿಸಿ ತಮ್ಮ ಶೂ ಬಿಚ್ಚಿ ವ್ಯಾನಿನೊಳಗೆ ಎಸೆದರು.

ಬಸ್ಸಿನಲ್ಲಿ ಅಜ್ಜಿ ಮುಂದಿನ ಸೀಟಿನಲ್ಲಿ ಕೂತರು. ಅದರ ಹಿಂದೆ ಅತ್ತೆ, ಸ್ಪಂದನಾ. ಮಾವ ಆಚೆ ಬದಿಯಲ್ಲಿ. ಬಸ್ಸು ಗುಡುಗುಡು ಸದ್ದು ಮಾಡುತ್ತ ಬೆಟ್ಟ ಹತ್ತತೊಡಗಿತು.

"ಅತ್ತೆ, ನಿನ್ನೆ ಯಾಕೆ ನಮ್ಮನೇಲಿ ಮಲಗಲಿಲ್ಲ?" ಸ್ಪಂದನಾ ಪಿಸುಗುಟ್ಟಿದಳು.

ಅತ್ತೆ ಕಿಟಕಿಯಾಚೆ ನೋಡುತ್ತಲೇ ಹೇಳಿದರು. "ಹೋದ ಸಲ ಬಂದಾಗ ಅಮ್ಮ ನನಗೆ ಮಂಚ ಬಿಟ್ಟುಕೊಟ್ಟು ತಾನು ನೆಲದ ಮೇಲೆ ಮಲಗಿದ್ಲು. ಆಮೇಲೆ ಬೆನ್ನು ಹಿಡ್ಕೊಂಡು ಎಷ್ಟು ದಿನ ಒದ್ದಾಡಿದ್ಲು ಗೊತ್ತಾ? ನಿಮ್ಮಪ್ಪ ಫೋನಲ್ಲಿ ಹೇಳಿದ. ಬೇಡ ಅಂದ್ರೆ ಕೇಳ್ತಾಳಾ ಅವಳು? ಅದಕ್ಕೇ ಮಾವನಿಗೆ ಹೇಳಿ ಈ ವ್ಯಾನ್ ಮಾಡಿಸ್ದೆ."

ಮುಂದಿನ ಸೀಟಿನಿಂದ ಅಜ್ಜಿ ತಿರುಗಿದರು. "ಏನಂತಮ್ಮಿ ನಿಮ್ಮತ್ತೇದು?"

ಸ್ಪಂದನಾ ಬಾಯಿ ತೆರೆದಳು. ಹೇಳುವುದಕ್ಕೆ ಎಲ್ಲವೂ ಗೊತ್ತಿತ್ತು. ಆದರೆ ಅಜ್ಜಿಯ ಮುಖ ನೋಡಿದಾಗ, ಇದನ್ನು ತಾನು ಹೇಳಿದರೆ ಅಷ್ಟು ಚೆನ್ನಾಗಿರುವುದಿಲ್ಲ ಅನ್ನಿಸಿತು. ಅವಳು ಸೀಟಿನಿಂದ ಎದ್ದಳು.

"ಅಜ್ಜಿ, ನೀವಿಲ್ಲಿ ಕೂತ್ಕೊಳಿ. ನನಗೆ ಮುಂದೆ ಬೇಕು."

"ಈಗ್ಲೇ ಬೇಕಾ? ಬಸ್ಸು ತಿರುಗ್ತಾ ಅದೆ."

"ಈಗ್ಲೇ ಬೇಕು."

ಅಜ್ಜಿ ಗೊಣಗುತ್ತ ಎದ್ದರು. ಅಷ್ಟರಲ್ಲಿ ಬಸ್ಸು ತಿರುವಿನಲ್ಲಿ ವಾಲಿತು. ಅತ್ತೆ ಗಬಕ್ಕನೆ ಅವರ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

ಸ್ಪಂದನಾ ಮುಂದಿನ ಸೀಟಿನಲ್ಲಿ ಕೂತಳು. ಹಿಂದಿನಿಂದ ಅತ್ತೆಯ ಸಣ್ಣ ದನಿ ಕೇಳಿತು. ಆಮೇಲೆ ಅಜ್ಜಿಯ ದೊಡ್ಡ ದನಿ. "ನನ್ ಬೆನ್ನು ನೋಯ್ತದೆ ಅಂತ ನೀನು ಬೀದೀಲಿ ಮನಿಕಂಡ್ಯಾ? ನೆಟ್ಟಗದಾ ನಿನ್ ತಲೆ?" ಮತ್ತೆ ಅತ್ತೆ ಏನೋ ಅಂದರು. ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ.

ಮಾವ ಆಚೆ ಬದಿಯಿಂದ ಗಾಬರಿಯಲ್ಲಿ ಬಾಗಿದರು. "ಏನ್ ಪುಟ್ಟಿ, ಮತ್ತೆ ಜಗಳಾನಾ?"

"ಅಲ್ಲ ಮಾವ" ಅಂದಳು ಸ್ಪಂದನಾ.

ಹಿಂದೆ ತಿರುಗಿ ನೋಡಬೇಕೆಂದು ಅವಳಿಗೆ ತುಂಬಾ ಅನ್ನಿಸಿತು. ನೋಡಲಿಲ್ಲ. ಬರಿಗಾಲನ್ನು ಸೀಟಿನ ಮೇಲೆ ಮಡಿಸಿಕೊಂಡು, ಮಂಜು ಇಳಿಯುತ್ತಿದ್ದ ಕಾಡನ್ನು ನೋಡುತ್ತ ಕೂತಳು.